ವನಜಾಕ್ಷಿ ಟೀಚರ್ ಬಿಟ್ಟ ಕಾಫಿ

ಪ್ರತಿ ಭಾನುವಾರ ಬೆಳಗ್ಗೆ ವನಜಾಕ್ಷಿ ಟೀಚರ್ ನನ್ನ ಗದ್ದ ಹಿಡಿದು, ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಮೊಡವೆ ಎಣಿಸುತ್ತಿದ್ದರು. ಅದೂ ಬೀದಿಗೆಲ್ಲ ಕೇಳುವ ಹಾಗೆ. "ಎಡಗೆನ್ನೆ ಒಂಬತ್ತು. ಬಲಗೆನ್ನೆ ಏಳು. ಹಣೆ... ಅಯ್ಯೋ, ಹಣೇಲಿ ಸಂತೆ ನೆರೆದಿದೆಯಲ್ಲೇ ಪುಟ್ಟಿ! ಇರು, ಕನ್ನಡಕ ಒರೆಸ್ಕೊಂಡು ಬರ್ತೀನಿ." ಎಣಿಸಿದ್ದನ್ನೆಲ್ಲ ಒಂದು ಹಳೇ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ತಾರೀಕು ಹಾಕಿ ಬರೆದಿಡುತ್ತಿದ್ದರು.

ಆಗ ನನಗೆ ಹತ್ತೊಂಬತ್ತು. ಫಿಲ್ಟರ್ ಹಾಕದೆ ಒಂದೂ ಫೋಟೋ ತೆಗೆಸಿಕೊಂಡವಳಲ್ಲ. ಮನೆಗೆ ಬಂದವರೆಲ್ಲ ನನ್ನ ಮುಖ ನೋಡಿ ಒಂದು ಕ್ಷಣ ತಡೆದು, ಆಮೇಲೆ "ಕಡಲೆಹಿಟ್ಟು ಹಚ್ಚಮ್ಮಾ" ಅನ್ನುತ್ತಿದ್ದರು. ಟೀಚರ್ ಒಬ್ಬರೇ ನನ್ನ ಮುಖವನ್ನು ಬಿಡಿಸಲು ಕೊಟ್ಟ ಲೆಕ್ಕದ ಹಾಗೆ ನೋಡಿದವರು. ಅವರಿಗೆ ಅದರಲ್ಲಿ ಅಸಹ್ಯವೂ ಇರಲಿಲ್ಲ, ಅಯ್ಯೋ ಪಾಪವೂ ಇರಲಿಲ್ಲ.

ಬಸವನಗುಡಿಯಲ್ಲಿ, ಗಾಂಧಿ ಬಜಾರಿನ ಹಿಂದಿನ ಬೀದಿಯಲ್ಲಿ ಅವರದ್ದು ನಮ್ಮಿಂದ ಮೂರನೇ ಮನೆ. ಹುಡುಗಿಯರ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾಗಿದ್ದರು. ಬ್ಯಾಂಕಿನಲ್ಲಿದ್ದ ಮಗಳು ಸುಧಾ ಅಕ್ಕನ ಜೊತೆ ಇದ್ದರು. ನಮ್ಮಪ್ಪನದು ಬಜಾರಿನಲ್ಲಿ ತರಕಾರಿ ಅಂಗಡಿ. ಟೀಚರ್ ಮಾಧ್ವರು, ಚಾತುರ್ಮಾಸ್ಯ ಹಿಡಿಯುವವರು. ಮಳೆಗಾಲದ ಆ ನಾಲ್ಕು ತಿಂಗಳಲ್ಲಿ ಮೊದಲನೇ ತಿಂಗಳು ತರಕಾರಿ ಇಲ್ಲ, ಎರಡನೇದು ಮೊಸರಿಲ್ಲ, ಮೂರನೇದು ಹಾಲಿಲ್ಲ, ನಾಲ್ಕನೇದು ಬೇಳೆಕಾಳಿಲ್ಲ. ಮೊದಲನೇ ತಿಂಗಳು ಬಂತೆಂದರೆ ಅಪ್ಪ ಅಂಗಡಿಯಿಂದಲೇ ಕೂಗಿ ರೇಗಿಸುತ್ತಿದ್ದರು: "ಏನ್ ಟೀಚರ್, ನಮ್ ಹೊಟ್ಟೆ ಮೇಲೆ ಹೊಡೀತೀರಲ್ಲ!"

"ಒಂದು ತಿಂಗಳು ತಡ್ಕೊಳ್ಳಪ್ಪಾ, ಆಮೇಲೆ ನಿನ್ನ ಬದನೆಕಾಯಿ ಎಲ್ಲಾ ನಂದೇ."

ಚರ್ಮದ ಡಾಕ್ಟರು ನನಗೆ ಹೇಳಿದ್ದು ಇಷ್ಟು: ಎಲ್ಲರಿಗೂ ಅಲ್ಲ, ಕೆಲವರಿಗೆ ತಿನ್ನುವ ಯಾವುದಾದರೂ ಒಂದು ಪದಾರ್ಥ ಒಗ್ಗದೆ ಮೊಡವೆ ಜಾಸ್ತಿಯಾಗಬಹುದು, ಒಂದೊಂದನ್ನೇ ಸ್ವಲ್ಪ ದಿನ ಬಿಟ್ಟು, ಬರೆದಿಟ್ಟುಕೊಂಡು ನೋಡು. ಇದನ್ನು ಕೇಳಿ ಟೀಚರ್ ಕೈ ತಟ್ಟಿ ನಕ್ಕರು. "ಇದನ್ನೇ ಅಲ್ವೇನೇ ನಾವು ವರ್ಷಾ ವರ್ಷಾ ಮಾಡ್ತಿರೋದು! ನನ್ನ ಜೊತೆ ನೀನೂ ಬಿಡು. ತರಕಾರಿ ಬೇಡ, ಅದು ಯಾರ ಮುಖಾನೂ ಕೆಡಿಸಲ್ಲ. ಮೊಸರಿಂದ ಶುರು ಮಾಡೋಣ. ಯಾವುದನ್ನ ಬಿಟ್ಟಾಗ ಮುಖ ತಿಳಿಯಾಗುತ್ತೋ, ಅದೇ ಕಳ್ಳ."

ಮೊಸರಿನ ತಿಂಗಳು ನಾನು ಪ್ರಾಮಾಣಿಕವಾಗಿದ್ದೆ. ಆ ಒಂದು ತಿಂಗಳ ಮಟ್ಟಿಗೆ ನನ್ನನ್ನು ನಂಬಬಹುದು. ಮೊಡವೆ ಒಂದೂ ಕಮ್ಮಿಯಾಗಲಿಲ್ಲ. "ಮೊಸರು ನಿರಪರಾಧಿ" ಎಂದು ಟೀಚರ್ ಬರೆದು, ಕೆಳಗೆ ಎರಡು ಗೆರೆ ಎಳೆದರು.

ಆಮೇಲೆ ಹಾಲಿನ ತಿಂಗಳು ಬಂತು.

ಟೀಚರಿಗೆ ಹಾಲು ಬಿಡುವುದೆಂದರೆ ಕಾಫಿ ಬಿಡುವುದು ಅಂತ ಅರ್ಥ. ಬೆಳಗ್ಗೆ ಐದೂವರೆಗೆ ಡಿಕಾಕ್ಷನ್ ಇಳಿಸಿ, ಲೋಟದಿಂದ ಬಟ್ಟಲಿಗೆ ಬಗ್ಗಿಸಿ, ಕಣ್ಣು ಮುಚ್ಚಿ ಕುಡಿಯುತ್ತಿದ್ದರು. ಅದು ಮುಗಿಯುವ ತನಕ ಮನೆಯಲ್ಲಿ ಯಾರೂ ಮಾತಾಡುವ ಹಾಗಿಲ್ಲ. ವ್ರತದ ತಿಂಗಳಲ್ಲಿ ಜೀರಿಗೆ ಕಷಾಯ ಕುಡಿದು, "ದೇವರು ನನ್ನಿಂದ ಏನು ಬೇಕಾದ್ರೂ ಕೇಳ್ಬೋದಿತ್ತು, ಇದನ್ನೇ ಕೇಳ್ಬೇಕಿತ್ತಾ?" ಎಂದು ಮುಖ ಕಿವಿಚುತ್ತಿದ್ದರು. ಆದರೆ ಒಂದು ಹನಿ ಮುಟ್ಟುತ್ತಿರಲಿಲ್ಲ.

ನಾನು? ನಾನು ನಾಲ್ಕನೇ ದಿನಕ್ಕೇ ಕಾಲೇಜಿನ ಕ್ಯಾಂಟೀನಿನಲ್ಲಿ ಕಾಫಿ ಕುಡಿದೆ. ಆಮೇಲೆ ಐಸ್‌ಕ್ರೀಮು, ಬಾದಾಮಿ ಹಾಲು, ಏನು ಕಂಡರೆ ಅದು. ಬಾಯಿಚಪಲ, ಇನ್ನೇನು? ಭಾನುವಾರ ಟೀಚರ್ ಗದ್ದ ಹಿಡಿದು "ಹಾಲು?" ಎಂದು ಕೇಳಿದರೆ, "ಮುಟ್ಟಿಲ್ಲ ಟೀಚರ್" ಎನ್ನುತ್ತಿದ್ದೆ. "ಭೇಷ್!" ಎಂದು ಬೆನ್ನು ತಟ್ಟುತ್ತಿದ್ದರು. ಆ ಭೇಷ್ ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ.

ತಿಂಗಳು ಮುಗಿಯಿತು. ಮೊಡವೆ ಹಾಗೇ ಇದ್ದವು. ಟೀಚರ್ ನೋಟ್‌ಬುಕ್ಕನ್ನು ಹಿಂದೆ ಮುಂದೆ ತಿರುವಿದರು. ತಮ್ಮ ಎಣಿಕೆಯೇ ತಪ್ಪಿರಬೇಕೆಂದು ಸುಧಾ ಅಕ್ಕನನ್ನು ಕರೆದು ಇನ್ನೊಂದು ಸಲ ಎಣಿಸಿದರು. ನಾನು ಎರಡು ಸಲವೂ ಮುಖ ಒಡ್ಡಿ ಕೂತಿದ್ದೆ. ಕೊನೆಗೆ ಹೇಳಿದರು, "ಒಂದು ತಿಂಗಳು ನಿನಗೆ ಸಾಲ್ದೇನೋ ಪುಟ್ಟಿ. ಇನ್ನೊಂದು ತಿಂಗಳು ನೋಡೋಣ. ನಾನೂ ಬಿಟ್ಟಿರ್ತೀನಿ, ನಿನಗೆ ಜೊತೆ. ನಿಂದು ಮುಗಿದ ದಿನ ಇಬ್ರೂ ಒಟ್ಟಿಗೆ ಕೂತು ಕಾಫಿ ಕುಡಿಯೋಣ."

ಅವರ ವ್ರತದ ಹಾಲಿನ ತಿಂಗಳು ಮುಗಿದಿತ್ತು. ಬೇಳೆ ಬಿಡುವ ತಿಂಗಳು ಶುರುವಾಗಿತ್ತು. ಬೇಳೆಯೂ ಇಲ್ಲ, ಹಾಲೂ ಇಲ್ಲ. ಮೊಸರನ್ನ, ಅವಲಕ್ಕಿ, ಕಷಾಯದಲ್ಲಿ ದಿನ ತಳ್ಳಿದರು. ರವಿಕೆಯ ತೋಳು ಸಡಿಲವಾಗಿದ್ದು ನನ್ನ ಕಣ್ಣಿಗೇ ಕಾಣುತ್ತಿತ್ತು. ಒಂದು ಮಾತು ಹೇಳಿದ್ದರೆ ಅವತ್ತೇ ಅವರು ಕಾಫಿ ಕುಡಿಯಬಹುದಿತ್ತು. ಹೇಳಲಿಲ್ಲ. ಛೀ, ಈಗ ಬರೆಯುವಾಗಲೂ ಕೈ ನಾಚುತ್ತದೆ.

ಟೀಚರ್ ಆಗಾಗ ಹೇಳುತ್ತಿದ್ದ ಕಥೆಯೊಂದಿತ್ತು. ಪರೀಕ್ಷೆಯಲ್ಲಿ ಒಬ್ಬ ಹುಡುಗಿ ಕಾಪಿ ಹೊಡೆದಿದ್ದಳಂತೆ. ಇವರಿಗೆ ಗೊತ್ತಾಗಿದೆ, ಆದರೂ ಬೈದಿಲ್ಲ. ಶಾಲೆ ಬಿಟ್ಟ ಮೇಲೆ ಅವಳೆದುರು ಸುಮ್ಮನೆ ಕೂತರಂತೆ. ಜವಾನ ಬಾಗಿಲು ಹಾಕಲು ಬಂದರೂ ಏಳಲಿಲ್ಲವಂತೆ. "ಲೆಕ್ಕ ತಪ್ಪಾದ್ರೆ ನಾನೇ ಸರಿ ಮಾಡ್ತೀನಿ. ಸುಳ್ಳನ್ನ ಅವಳೇ ಸರಿ ಮಾಡ್ಬೇಕು, ನಾನು ಮಾಡಿದ್ರೆ ಏನು ಬಂತು? ಆರು ಗಂಟೆಗೆ ಅತ್ಕೊಂಡು ಹೇಳಿದ್ಲು. ಇಬ್ರೂ ಹೋಗಿ ದೋಸೆ ತಿಂದ್ವಿ." ಇದನ್ನು ನಾನು ಹತ್ತು ಸಲ ಕೇಳಿದ್ದೇನೆ, ಹತ್ತು ಸಲವೂ ತಲೆಯಾಡಿಸಿದ್ದೇನೆ.

ಆ ಎರಡನೇ ತಿಂಗಳಲ್ಲಿ ಒಂದು ಸಂಜೆ ಗೆಳತಿಯರ ಜೊತೆ ವಿವಿ ಪುರಂನ ತಿಂಡಿ ಬೀದಿಗೆ ಹೋಗಿದ್ದೆ. ಕೈಯಲ್ಲಿ ಕುಲ್ಫಿ. ಪ್ರವಚನ ಮುಗಿಸಿಕೊಂಡು ಟೀಚರ್ ಅದೇ ದಾರಿಯಲ್ಲಿ ಬಂದರು. "ಪುಟ್ಟೀ!" ಎಂದರು, ಮುಖವೆಲ್ಲ ನಗು. ಇವರು ಇಲ್ಲೇ, ಇವರೆಲ್ಲರ ಎದುರು, ನನ್ನ ಗದ್ದ ಹಿಡಿದು ಎಣಿಸಿಬಿಟ್ಟರೆ?

"ಯಾರೇ ಅದು?" ಎಂದಳು ಪಕ್ಕದವಳು.

"ಗೊತ್ತಿಲ್ಲ ಕಣೇ, ಯಾರನ್ನೋ ಕರೀತಿದಾರೆ" ಎಂದೆ. ಅವರಿಗೆ ಕೇಳಿಸುವಷ್ಟು ಹತ್ತಿರದಲ್ಲೇ.

ಟೀಚರ್ ನಿಂತರು. ನನ್ನ ಕೈಯನ್ನು ನೋಡಿದರು, ಮುಖವನ್ನು ನೋಡಿದರು. ಕನ್ನಡಕ ಸರಿಮಾಡಿಕೊಂಡು, "ಸಾರಿ ಕಣಮ್ಮಾ, ನಮ್ಮ ಹುಡುಗಿ ಅಂದ್ಕೊಂಡೆ" ಎಂದು ಹೇಳಿ ಮುಂದೆ ಹೋದರು.

ಆ ಭಾನುವಾರವೂ ಹೋದೆ. ಹೋಗದಿದ್ದರೆ ಸಿಕ್ಕಿಬೀಳುತ್ತೇನೆಂದು ಹೋದೆ. ಅವರ ಕಣ್ಣು ಮಂಜು, ಸರಿಯಾಗಿ ಕಂಡಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಎಂದಿನ ಹಾಗೆ ಎಣಿಸಿದರು. ಪೆನ್ನು ಹಿಡಿದು ಕೇಳಿದರು, "ಹಾಲು?"

"ಮುಟ್ಟಿಲ್ಲ ಟೀಚರ್."

ಭೇಷ್ ಎನ್ನಲಿಲ್ಲ. "ಸರಿ, ಹಾಗಾದ್ರೆ ಇನ್ನೂ ನೋಡೋಣ" ಎಂದು ನೋಟ್‌ಬುಕ್ ಮುಚ್ಚಿದರು.

ಆಮೇಲೆ ನಾನು ಅವರ ಮನೆಗೆ ಹೋಗಲಿಲ್ಲ. ಕಾಲೇಜಿಗೆ ಬಜಾರು ಸುತ್ತಿಕೊಂಡು ಹೋಗುತ್ತಿದ್ದೆ. ಸ್ವಲ್ಪ ದಿನಕ್ಕೆ ನಾವು ಮಾವಳ್ಳಿಗೆ ಮನೆ ಬದಲಾಯಿಸಿದೆವು. ದೇವರು ದೊಡ್ಡವನು ಎಂದುಕೊಂಡೆ.

ಒಂದು ವರ್ಷವಾದ ಮೇಲೆ ಅಪ್ಪ ಅಂಗಡಿಯಿಂದ ಬಂದು ಕೈಕಾಲು ತೊಳೆಯುತ್ತಾ ಹೇಳಿದರು: "ಇವತ್ತು ನಿಮ್ ಟೀಚರ್ ಬಂದಿದ್ರು ಕಣಮ್ಮ. ತುಂಬಾ ಇಳಿದೋಗಿದಾರೆ ಪಾಪ. ಕಾಫಿ ತರಿಸ್ತೀನಿ ಅಂದ್ರೆ ಬೇಡ ಅಂದ್ರು. ಕಾಫಿ ಬಿಟ್ಟು ವರ್ಷದ ಮೇಲಾಯ್ತಂತೆ. ಯಾಕೆ ಅಂದ್ರೆ, ನಿಂದೇನೋ ಇನ್ನೂ ಮುಗಿದಿಲ್ವಂತೆ. ಏನಮ್ಮಾ ಅದು, ಮುಗೀಬೇಕಾಗಿರೋದು?"

ಆ ಕ್ಷಣವೇ ಎದ್ದು ಓಡಬೇಕಿತ್ತು. ಮಾವಳ್ಳಿಯಿಂದ ಗಾಂಧಿ ಬಜಾರಿಗೆ ಎಷ್ಟು ದೂರ? ಆದರೆ ಈ ಮುಖ ಇಟ್ಟುಕೊಂಡು ಹೇಗೆ ಹೋಗಲಿ ಎನ್ನಿಸಿತು. ನಿಜವಾಗಿ ಒಂದು ತಿಂಗಳು ಬಿಟ್ಟು, ಮುಖ ತಿಳಿಯಾದ ಮೇಲೆ ಹೋಗಿ ತೋರಿಸಿ, ಆಮೇಲೆ ತಪ್ಪೊಪ್ಪಿಕೊಳ್ಳೋಣ ಎಂದುಕೊಂಡೆ. ಆಗಲೂ ನನಗೆ ನನ್ನ ಮುಖದ್ದೇ ಚಿಂತೆ, ನೋಡಿ.

ಬಿಟ್ಟೆ. ಮೂವತ್ತು ದಿನ ಒಂದು ಹನಿ ಮುಟ್ಟಲಿಲ್ಲ. ಮೂರನೇ ವಾರದಿಂದ ಮೊಡವೆ ಇಳಿಯುತ್ತಾ ಬಂತು. ಹಾಲೇ ಕಾರಣವೋ ಏನೋ, ಡಾಕ್ಟರೂ ಇರಬಹುದು ಎಂದರು. ಮೂವತ್ತೊಂದನೇ ಬೆಳಗ್ಗೆ ಕನ್ನಡಿಯಲ್ಲಿ ಎಣಿಸಿದೆ. ಮೂರೇ ಮೂರು. ಕಾಫಿಪುಡಿ ಪೊಟ್ಟಣ ತೆಗೆದುಕೊಂಡು ಹೋದೆ.

ಬಾಗಿಲು ತೆಗೆದದ್ದು ಸುಧಾ ಅಕ್ಕ. ಒಳಗೆ ಟೀಚರ ಫೋಟೋಕ್ಕೆ ಹಾರ ಹಾಕಿತ್ತು. "ಹದಿನೈದು ದಿನ ಆಯ್ತಮ್ಮ. ಊರಿಗೆ ಹೋದಾಗ ಮಲಗಿದೋರು ಏಳ್ಲೇ ಇಲ್ಲ. ಕಾರ್ಯ ಮುಗಿಸಿ ನಿನ್ನೆ ಬಂದೆ, ನಿಮ್ಮಪ್ಪಂಗೂ ಇನ್ನೂ ಹೇಳೋಕಾಗಿಲ್ಲ" ಎಂದರು.

ಅಕ್ಕ ಒಳಗೆ ಹೋಗಿ ಕಾಫಿ ತಂದರು. ಹೇಳಿಬಿಟ್ಟೆ: "ಅಕ್ಕಾ, ನಾನು ಆಗ ಹಾಲು ಬಿಟ್ಟಿರಲಿಲ್ಲ. ಟೀಚರಿಗೆ ಸುಳ್ಳು ಹೇಳ್ತಿದ್ದೆ."

"ಗೊತ್ತು" ಎಂದರು ಅಕ್ಕ. ಅವರಿಗೆ ಕೋಪವೂ ಇದ್ದ ಹಾಗಿರಲಿಲ್ಲ. "ಅಮ್ಮಂಗೂ ಗೊತ್ತಿತ್ತು. ಸಾಕಮ್ಮಾ, ಕಾಫಿ ಕುಡೀ ಅಂತ ನಾನು ಎಷ್ಟು ಬೈದಿದೀನಿ! ಅವಳು ಬಂದು ಹೇಳ್ಲಿ, ಆಮೇಲೆ ಕುಡೀತೀನಿ ಅಂತಿದ್ರು. ಬಾಗಿಲು ಸದ್ದಾದ್ರೆ ಸಾಕು, ಪುಟ್ಟಿ ಬಂದ್ಲಾ ನೋಡು ಅಂತಿದ್ರು."

ಲೋಟ ಕೈಯಲ್ಲೇ ಆರಿತು. ಕಿಟಕಿಯಿಂದ ಬಿಸಿಲು ನೇರ ನನ್ನ ಮುಖದ ಮೇಲೆ ಬೀಳುತ್ತಿತ್ತು. ಅವತ್ತು ಮೂರೇ ಮೊಡವೆ ಇದ್ದವು, ಎಣಿಸುವವರಿರಲಿಲ್ಲ.