ಮುಳ್ಳು ತೆಗೆದ ದಾರಿ

ಬಿದ್ದಾಗ ಅಜ್ಜಿ ಕೂಗಲಿಲ್ಲ. ಈಗಲೂ ನನ್ನನ್ನು ಕಾಡುವುದು ಅದೇ. ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ನನ್ನಿಂದ ಹತ್ತಿಪ್ಪತ್ತು ಹೆಜ್ಜೆ ಮುಂದೆ ಹೋಗುತ್ತಿದ್ದವರು ಒಣಕೋಲು ಮುರಿದಂಥ ಸದ್ದಿನೊಂದಿಗೆ ಒಮ್ಮೆಲೇ ಗಿಡ್ಡವಾದರು. ಬಿಸಿಲು ಹಾಗೆಯೇ ಇತ್ತು. ಪಾತ್ರೆ ತೊಳೆಯುವಾಗ, ತರಗತಿಯಲ್ಲಿ ಹಲಗೆಗೆ ಮುಖ ಮಾಡಿ ನಿಂತಾಗ, ನನಗೆ ಆ ಸದ್ದು ಮತ್ತೆ ಕೇಳಿಸುತ್ತದೆ.

ಬಾಯಾರು ಪೇಟೆಯಿಂದ ಒಳಗಿರುವ ನಮ್ಮ ಗುಡ್ಡೆ ಯಾರೊಬ್ಬರದೂ ಅಲ್ಲ. ಸುತ್ತಲಿನ ಮನೆಗಳ ಹಿರಿಯರು ಸೊಪ್ಪಿಗೆ, ಸೌದೆಗೆ, ಮೇವಿಗೆ ಎಂದು ಒಟ್ಟಾಗಿ ಉಳಿಸಿಕೊಂಡು ಬಂದ ಕಾಡು ಅದು. ಒಂದು ವರ್ಷ ಮೂಡು ಬದಿಯಲ್ಲಿ ಸೊಪ್ಪು ಕಡಿದರೆ ಮರುವರ್ಷ ಪಡು ಬದಿಯಲ್ಲಿ. ಇಂಥ ಮರ ಮುಟ್ಟಬಾರದು, ಇಂಥ ತಿಂಗಳಲ್ಲಿ ಕತ್ತಿ ಒಯ್ಯಬಾರದು ಎಂಬುದೆಲ್ಲ ಬಾಯಿಮಾತಿನಲ್ಲೇ ನಡೆಯುತ್ತಿತ್ತು. ಈಚೆಗೆ ಮಳೆಗಾಲದಲ್ಲಿ ಗುಡ್ಡೆಯ ನೆತ್ತಿಯ ಪಾರೆಯಲ್ಲಿ, ಆ ಬಯಲು ಬಂಡೆಯ ಮೇಲೆ, ಅರಳುವ ನೀಲಿ ಹೂ ನೋಡಲು ಕಾಸರಗೋಡು, ಮಂಗಳೂರಿನಿಂದ ಜನ ನಡೆದು ಬರತೊಡಗಿದರು. ದಾರಿ ನೋಡಿಕೊಳ್ಳಲು ಒಂದು ಸಮಿತಿ ಆಯಿತು. ಸಸ್ಯಶಾಸ್ತ್ರ ಓದಿದವಳು, ಪತ್ರ ಬರೆಯಬಲ್ಲವಳು ಎಂದು ನನ್ನನ್ನು ಕಾರ್ಯದರ್ಶಿ ಮಾಡಿದರು. ನನಗೂ ಖುಷಿಯೇ. ಭಾನುವಾರ ಕತ್ತಿ ಹಿಡಿದು ಆ ದಾರಿಯಲ್ಲಿ ನಡೆದರೆ ವಾರದ ದಣಿವು ಇಳಿಯುತ್ತಿತ್ತು.

ದಾರಿಯ ಕೆಲಸಕ್ಕೆ ತಪ್ಪದೆ ಬರುತ್ತಿದ್ದವರು ಇಬ್ಬರು. ಒಬ್ಬರು, ನೀರಿಗಾಗಿ ಗುಡ್ಡೆಯ ಹೊಟ್ಟೆಗೆ ಅಡ್ಡವಾಗಿ ಸುರಂಗ ಕೊರೆಯುವ ಕೆಲಸದಲ್ಲೇ ವಯಸ್ಸು ಕಳೆದವರು. ಊರಿಗೆಲ್ಲ ಅವರು ಸುರಂಗದಣ್ಣ. ಇನ್ನೊಬ್ಬರು ಈ ಅಜ್ಜಿ. ದನದ ಹಟ್ಟಿಗೆ ಹಾಸಲು ದಿನವೂ ಒಂದು ಹೊರೆ ಸೊಪ್ಪು ಒಯ್ಯುವವರು. ಹೊರೆ ಎಷ್ಟು ದೊಡ್ಡದೆಂದರೆ ಎಲೆಗಳು ಅವರ ಕಣ್ಣಿನ ಮೇಲೆ ಇಳಿದು, ಪಾದದ ಮುಂದಿನ ಗೇಣಗಲ ನೆಲವಷ್ಟೇ ಕಾಣುತ್ತಿತ್ತು. ಆದರೂ ಎಡವಿದವರಲ್ಲ.

ಗುಡ್ಡೆಯ ಅರ್ಧದಲ್ಲಿ ದಾರಿ ಸುಮ್ಮನೆ ಒಂದು ಸುತ್ತು ಹಾಕುತ್ತಿತ್ತು. ಸುತ್ತಿನ ನಡುವೆ ಒಣಮುಳ್ಳಿನ ರಾಶಿ. ಹೋಗುವವರು ಬರುವವರು ಅದಕ್ಕೆ ಒಂದೊಂದು ಚೂರಿಮುಳ್ಳಿನ ಗೆಲ್ಲು ಎಸೆಯುವುದನ್ನು ಎಷ್ಟೋ ಸಲ ಕಂಡಿದ್ದೆ. ಕಸ ಹಾಕುವ ಜಾಗ ಎಂದುಕೊಂಡೆ. ಯಾರನ್ನೂ ಕೇಳಲಿಲ್ಲ. ಹೂ ನೋಡಲು ಬಂದವರೊಬ್ಬರು "ಇಲ್ಲಿ ನೇರ ಹೋಗಬಹುದಿತ್ತಲ್ಲ ಮೇಡಂ" ಎಂದದ್ದು ತಲೆಯಲ್ಲಿ ಕೂತಿತ್ತು. ಒಂದು ಶನಿವಾರ ಒಬ್ಬಳೇ ಹೋಗಿ ಮುಳ್ಳನ್ನೆಲ್ಲ ಎಳೆದೆ. ಕೆಳಗೆ ಹುಲ್ಲು ಬೆಳೆದ ಸಾದಾ ನೆಲ. ಅದೇ ಮುಳ್ಳಿನಿಂದ ಹಳೆಯ ಸುತ್ತುದಾರಿಯನ್ನು ಮುಚ್ಚಿದೆ. ಹೊಸ ದಾರಿಯ ಅಂಚಿನಲ್ಲಿ ನಿಂತು ಫೋಟೋ ತೆಗೆದು ಮೊಬೈಲಿನಲ್ಲಿ ಸಮಿತಿಯ ಗುಂಪಿಗೆ ಹಾಕಿದೆ. ನಾಲ್ಕೈದು ಹೆಬ್ಬೆರಳು ಬಂದವು.

ಮರುದಿನ ಬೆಳಿಗ್ಗೆ, ಇನ್ನೊಂದು ಬದಿಯಿಂದ ಗುಡ್ಡೆ ಹತ್ತಿ ಸೊಪ್ಪು ಕಡಿದ ಅಜ್ಜಿ ಆ ದಾರಿಯಲ್ಲಿ ಇಳಿದರು; ಭಾನುವಾರದ ಕೆಲಸಕ್ಕೆ ಬಂದ ನಾನು ಅವರ ಹಿಂದೆ. ಅಲ್ಲಿಗೆ ಬರುವಾಗ ಕಣಕಾಲಿಗೆ ಮುಳ್ಳು ತಾಗಿದರೆ ಅದರ ಅಂಚು ಹಿಡಿದು ತಿರುಗುವುದು ಅವರ ಲೆಕ್ಕ. ಆ ದಿನ ಮುಳ್ಳು ಸಿಕ್ಕಿದ್ದು ಸುತ್ತುದಾರಿಯ ಬಾಯಲ್ಲಿ. ಅದರ ಅಂಚು ಹಿಡಿದು ಅವರು ನೇರ ಗುಂಡಿಯ ಮೇಲೆ ಕಾಲಿಟ್ಟರು.

ಅದು ಹಳೆಯ ಸುರಂಗದ ಗಾಳಿಗುಂಡಿ. ಒಳಗೆ ಕೆಲಸ ಮಾಡುವವರಿಗೆ ಉಸಿರಾಡಲು ಗುಡ್ಡೆಯ ಮೇಲಿನಿಂದ ನೇರ ಕೆಳಗೆ ತೋಡಿದ್ದು. ಬಾಯಿಗೆ ಅಡ್ಡ ಹಾಕಿದ್ದ ಮರದ ತುಂಡುಗಳ ಮೇಲೆ ಎಲೆ, ಮಣ್ಣು ಕೂತು ಹುಲ್ಲು ಬೆಳೆದಿತ್ತು.

ನಾನು ಓಡಿದೆ. ಕೆಳಗೆ ಚರಂಡಿ ಬಿಡಿಸುತ್ತಿದ್ದ ಸುರಂಗದಣ್ಣ ನನಗಿಂತ ಮೊದಲು ತಲುಪಿ ಗದರಿದರು, "ಅಲ್ಲೇ ನಿಲ್ಲಿ ಟೀಚರೇ! ಮಣ್ಣು ಜರಿತದೆ. ಮಲಗಿ, ಮಲಗಿ!"

ಒಂದು ಕಾಲು ಹೂತು ಅಜ್ಜಿ ಮುಗ್ಗರಿಸಿದಾಗ ಹೊರೆ ಅವರಿಗಿಂತ ಮೊದಲು ಜಾರಿ, ಗುಂಡಿಗಿಂತ ಅಗಲವಿದ್ದ ಕಾರಣ ಬಾಯಿಂದ ಸ್ವಲ್ಪ ಕೆಳಗೆ ಸಿಕ್ಕಿಕೊಂಡಿತ್ತು. ಅದರ ಮೇಲೆ ಅಜ್ಜಿ ಕೂತಿದ್ದರು. ತಲೆ ಮಾತ್ರ ನೆಲದ ಮಟ್ಟಕ್ಕೆ ಕಾಣುತ್ತಿತ್ತು. ಸೊಪ್ಪು ಸ್ವಲ್ಪ ಸ್ವಲ್ಪವೇ ಕುಸಿಯುತ್ತಿತ್ತು.

"ಅಕ್ಕಾ, ಕೇಳ್ತದಾ?" ಸುರಂಗದಣ್ಣ ಹೊಟ್ಟೆಯ ಮೇಲೆ ತೆವಳುತ್ತಾ ಕೇಳಿದರು.

"ಕೇಳದೆ ಎಂತ? ಬಿದ್ದದ್ದು ಕಾಲು, ಕಿವಿ ಮೇಲೆಯೇ ಉಂಟು."

"ಅಲುಗಬೇಡಿ. ಉಸಿರು ಸಹ ಸಣ್ಣಕೆ ಬಿಡಿ."

ಸುರಂಗದಣ್ಣ ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ಅಜ್ಜಿಯ ಎರಡೂ ಕಂಕುಳ ಕೆಳಗೆ ಹಾಯಿಸಿದರು. ನಾನು ಹಿಂದೆ ಮಲಗಿ ಅವರ ಕಾಲುಗಳನ್ನು ಹಿಡಿದುಕೊಂಡಿದ್ದೆ. ನನ್ನ ಮುಖದೆದುರು ಅವರ ಬಿರುಕು ಬಿಟ್ಟ ಹಿಮ್ಮಡಿಗಳು, ಅದರಾಚೆ ಅಜ್ಜಿಯ ದನಿ.

"ಈ ಬೈರಾಸು ಒಗೆದದ್ದು ಯಾವಾಗ ಮಾರಾಯ?"

"ಮೊದಲು ಮೇಲೆ ಬನ್ನಿ. ಮತ್ತೆ ಒಗೆದು ಇಸ್ತ್ರಿ ಹಾಕಿ ಕೊಡ್ತೇನೆ."

ಅವರು ಎಳೆದರು, ನಾನು ಅವರನ್ನು ಎಳೆದೆ. ಅಜ್ಜಿಯ ಮೊಣಕೈ ಅಂಚಿಗೆ ಬಂತು, ಮಣ್ಣು ಜರಿಯಿತು, ಮತ್ತೆ ಬಂತು. ಕೊನೆಗೆ ಇಡೀ ಮೈ ಹುಲ್ಲಿನ ಮೇಲೆ ಬಂದು ಬಿತ್ತು. ಆ ಒದೆತಕ್ಕೆ ಹೊರೆ ಕಳಚಿಕೊಂಡಿತು. ಕೆಳಗೆ ಎಲ್ಲೋ ನೀರಿನ ಸದ್ದು ಬರುವವರೆಗೆ ಮೂವರೂ ಗುಂಡಿಯತ್ತ ಕಿವಿಗೊಟ್ಟೆವು. ಎಷ್ಟು ಹೊತ್ತೆಂದು ನನಗೆ ಗೊತ್ತಿಲ್ಲ. ರಾತ್ರಿ ಮಲಗಿದಾಗ ಆ ಹೊತ್ತು ಇನ್ನೂ ಉದ್ದವಾಗುತ್ತದೆ.

"ನಾಲ್ಕು ದನದ ಹಾಸಿಗೆ ಹೋಯಿತು," ಎಂದರು ಅಜ್ಜಿ. ಆಮೇಲೆ ಎರಡೂ ಕೈಯಲ್ಲಿ ಹುಲ್ಲು ಹಿಡಿದು ಗುಂಡಿಯಿಂದ ದೂರ ಸರಿದರು.

"ಮುಳ್ಳು ತೆಗೆದದ್ದು ನಾನು," ಎಂದೆ. ಬೈಗುಳಕ್ಕೆ ಕಾದೆ.

ಸುರಂಗದಣ್ಣ ಕೈಯ ಮಣ್ಣು ಒರೆಸಿಕೊಂಡರು. "ಗುಂಡಿ ತೋಡಿದ್ದು ನಾನು. ಮುಳ್ಳು ಹಾಕಿದ್ದು ಇಡೀ ಊರು. ನಿಮಗೆ ಹೇಳಬೇಕು ಅಂತ ಒಬ್ಬನಿಗೂ ತೋಚಲಿಲ್ಲ ನೋಡಿ. ಎಲ್ಲರಿಗೂ ಗೊತ್ತುಂಟಲ್ಲ ಅಂತ."

"ನಾನೂ ಕೇಳಲಿಲ್ಲ."

"ಕೇಳಲಿಲ್ಲ," ಎಂದು ಅಜ್ಜಿ ಒಪ್ಪಿಕೊಂಡರು. "ನಮ್ಮ ಟೀಚರು ಮಕ್ಕಳಿಗೆ ಮಾತ್ರ ಪ್ರಶ್ನೆ ಕೇಳುವುದು."

ಸಮಿತಿ ಸೇರಿತು. ಗುಂಡಿಯ ಬಾಯಿಗೆ ಕಾಂಕ್ರೀಟ್ ಹಲಗೆ, ಸುತ್ತ ಕೆಂಪು ಮುರಕಲ್ಲಿನ ಕಟ್ಟೆ, ಕನ್ನಡ ಮಲಯಾಳ ಎರಡರಲ್ಲೂ ಫಲಕ ಎಂದು ತೀರ್ಮಾನವಾಯಿತು. ಸುತ್ತುದಾರಿಯ ಮುಳ್ಳನ್ನು ನಾನೇ ತೆಗೆದು ನೇರ ದಾರಿಯ ಬಾಯಿಗೆ ಹಾಕಿದೆ. ಇನ್ನು ಮುಂದೆ ದಾರಿಯಲ್ಲಿ ಎಂತ ಬದಲಾಯಿಸುವುದಿದ್ದರೂ ಹೊರೆ ಹೊರುವವರೊಬ್ಬರನ್ನು ಜೊತೆಗೆ ಕರೆದುಕೊಂಡು ನಡೆದು ನೋಡಬೇಕು ಎಂದು ನಾನು ನಡಾವಳಿ ಬರೆದೆ. ಆದರೆ ಅಜ್ಜಿ ಗುಡ್ಡೆಗೆ ಬರುವುದನ್ನೇ ನಿಲ್ಲಿಸಿದ್ದರು. ಹಟ್ಟಿಗೆ ಒಣಹುಲ್ಲು ತರಿಸುತ್ತಾರೆಂದು ಕೇಳಿದೆ. ಗುಡ್ಡೆಯ ಮೇಲೆ ಅವರಿಗಿದ್ದ ಧೈರ್ಯವನ್ನು ನಾನು ಕಿತ್ತುಕೊಂಡಿದ್ದೆ.

ಕಟ್ಟೆ ಕಟ್ಟುವ ದಿನ, ಎರಡು ವರಸೆ ಕಲ್ಲು ಏರಿದ್ದಾಗ, ಅಜ್ಜಿ ಕತ್ತಿ ಹಿಡಿದು ಬಂದರು. ತುಸು ಕುಂಟುತ್ತಿದ್ದರು. ಕೆಲಸ ನೋಡಿ ಮುಖ ಸಿಂಡರಿಸಿದರು.

"ಇದೆಂತ, ಕೋಳಿ ಕೂರಲಿಕ್ಕಾ?"

"ಮತ್ತೆ ಎಷ್ಟು ಎತ್ತರ ಬೇಕು ಅಕ್ಕಾ?" ಸುರಂಗದಣ್ಣ ಕೇಳಿದರು.

ಅಜ್ಜಿ ಹೋಗಿ ಒಂದು ಹೊರೆ ಸೊಪ್ಪು ಕಡಿದು ತಂದರು. ಮೊದಲಿನದಕ್ಕಿಂತ ಚಿಕ್ಕದು. ಹೊತ್ತುಕೊಂಡೇ ಕಲ್ಲಿನ ಪಕ್ಕ ಹೋಗಿ ನಿಂತು ಹೇಳಿದರು, "ನನ್ನ ಭುಜದ ಮಟ್ಟಕ್ಕೆ ತನ್ನಿ. ಹೊರೆ ಇಳಿಸಿ ಸ್ವಲ್ಪ ಉಸಿರು ಬಿಟ್ಟು, ಯಾರನ್ನೂ ಕರೆಯದೆ ಮತ್ತೆ ಹೊರಬೇಕು. ಟೀಚರೇ, ಅಲ್ಲೇ ಎಂತ ನಿಂತದ್ದು? ಬಂದು ಗುರುತು ಹಾಕಿ."

ಆ ದಿನದ ನಂತರ ನಾನು ಗುಂಡಿಯ ಅಂಚಿನವರೆಗೆ ಹೋಗಿರಲಿಲ್ಲ. ಹೋದೆ. ಸುರಂಗದಣ್ಣ ನೆಟ್ಟಗೆ ಹಿಡಿದ ಕೋಲಿನ ಮೇಲೆ, ಅಜ್ಜಿಯ ಭುಜದ ನೇರಕ್ಕೆ, ಸೀಮೆಸುಣ್ಣದಲ್ಲಿ ಗೆರೆ ಎಳೆದೆ.

"ಸರಿಯಾಗಿ ನೋಡಿ. ನನಗಿಂತ ಗಿಡ್ಡ ಇರುವವರಿಗೂ ಆಗಬೇಕಲ್ಲ," ಎಂದರು ಎಲೆಗಳ ಒಳಗಿನಿಂದ. ನಾನು ಗೆರೆಯನ್ನು ಒರೆಸಿ, ಬೆರಳಗಲ ಕೆಳಗೆ ಮತ್ತೆ ಎಳೆದೆ.