ಕೇಬಲ್ ಬೇಡದ ಕಂಪ್ಯೂಟರ್

ಶೋಭಾರಾಣಿ ಪೀಣ್ಯದ ಕೇಬಲ್ ಕಾರ್ಖಾನೆಗೆ ಸೇರಿದಾಗ ಅವಳಿಗೆ ಇಪ್ಪತ್ತು ವರ್ಷ. ಈಗ ನಲವತ್ತನಾಲ್ಕು. ಅವಳ ಕೈ ದಾಟಿ ಹೋದ ಕೇಬಲ್‌ಗಳನ್ನೆಲ್ಲ ಗಂಟು ಹಾಕಿದರೆ ತುಮಕೂರು ಮುಟ್ಟಿ ವಾಪಸು ಬರಬಹುದು ಎಂದು ಜೊತೆಯ ಹೆಂಗಸರು ತಮಾಷೆ ಮಾಡುತ್ತಿದ್ದರು. ಅಷ್ಟಾಗಿಯೂ ಅವುಗಳಲ್ಲಿ ಒಂದಾದರೂ ಕಂಪ್ಯೂಟರಿನೊಳಗೆ ಕೂತಿದ್ದನ್ನು ಅವಳು ಕಣ್ಣಾರೆ ನೋಡಿರಲಿಲ್ಲ.

ಮೊದಮೊದಲು ಮಾಡುತ್ತಿದ್ದದ್ದು ಚಪ್ಪಟೆ ಕೇಬಲ್. ಮೂರು ಬೆರಳಗಲದ ಬೂದು ಪಟ್ಟಿ, ಅಂಚಿಗೊಂದು ಕೆಂಪು ಗೆರೆ. ಹಾರ್ಡ್ ಡಿಸ್ಕನ್ನು ಕಂಪ್ಯೂಟರಿನ ಬೋರ್ಡಿಗೆ ಸೇರಿಸುವುದು ಅದರ ಕೆಲಸ. ಒಬ್ಬರು ಪಟ್ಟಿಯನ್ನು ಸೊಟ್ಟಗಾಗದಂತೆ ಎಳೆದು ಹಿಡಿಯಬೇಕು, ಎದುರಿಗೆ ಕೂತವರು ತುದಿಗೆ ಪ್ಲಗ್ಗು ಕೂರಿಸುವ ಕೈಪ್ರೆಸ್ಸಿನ ಹಿಡಿ ಒತ್ತಬೇಕು. ಶೋಭಾ ಹಿಡಿಯುತ್ತಿದ್ದಳು, ಅನುಸೂಯಮ್ಮ ಒತ್ತುತ್ತಿದ್ದಳು. ಹನ್ನೆರಡು ವರ್ಷ ದೊಡ್ಡವಳಾದರೂ ಅನುಸೂಯಮ್ಮ ಅವಳಿಗೆ ಗೆಳತಿಯೇ. ಎಂಟು ವರ್ಷ ಇಬ್ಬರೂ ಒಂದೇ ಮೇಜಿನ ಆಚೆ ಈಚೆ ಕೂತು, ಒಂದೇ ಡಬ್ಬಿಯ ಚಿತ್ರಾನ್ನ ತಿಂದರು.

ಶೋಭಾ ಐಟಿಐಯಲ್ಲಿ ಡ್ರಾಯಿಂಗ್ ಕಲಿಯುತ್ತಿದ್ದವಳು. ಅಪ್ಪ ಹಾಸಿಗೆ ಹಿಡಿದಾಗ ಅರ್ಧಕ್ಕೆ ಬಿಟ್ಟು ಕೆಲಸಕ್ಕೆ ಬಂದಿದ್ದಳು. ಊಟದ ಬಿಡುವಿನಲ್ಲಿ ರಟ್ಟಿನ ಡಬ್ಬಗಳ ಮೇಲೆ ಪೆನ್ಸಿಲ್ಲಿನಿಂದ ಏನಾದರೂ ಬಿಡಿಸುತ್ತಿದ್ದಳು. ಕತ್ತರಿ, ಬೋಲ್ಟು, ಕಿಟಕಿಯ ಚಿಲಕ.

"ನಿನ್ ಕೈ ಇಲ್ಲಿರೋ ಕೈಯಲ್ಲ ಕಣೆ," ಎನ್ನುತ್ತಿದ್ದಳು ಅನುಸೂಯಮ್ಮ. "ಒಂದಿನ ಕಂಪ್ಯೂಟ್ರು ತಗಂತೀಯ, ಅದ್ರಾಗೆ ಚಿತ್ರ ಬರೀತೀಯ. ಅವತ್ತು ಅದುಕ್ಕೆ ಕೇಬಲ್ ಆಕೋಳು ನಾನೇ, ತಿಳ್ಕೋ."

ಆಮೇಲೆ ಸಣ್ಣ ಕೇಬಲ್ ಬಂತು. ಸಾಟಾ ಎಂದು ಅದರ ಹೆಸರು. ಕಿರುಬೆರಳಿನ ಉಗುರಿನಷ್ಟು ತುದಿ, ಅದರೊಳಗೆ ಏಳು ಚೂರು ತಗಡು. ಭೂತಗನ್ನಡಿಯಡಿ ಇಟ್ಟು ನೋಡಬೇಕು. ಕಣ್ಣು ಪರೀಕ್ಷೆ ಮಾಡಿಸಿದರು. ಶೋಭಾ ಪಾಸಾದಳು, ಅನುಸೂಯಮ್ಮ ಆಗಲಿಲ್ಲ. ಚಪ್ಪಟೆ ಕೇಬಲ್ ನಿಂತ ತಿಂಗಳೇ ಅವಳು ಲೆಕ್ಕ ತೀರಿಸಿಕೊಂಡು ನೆಲಮಂಗಲದ ತಂಗಿಯ ಮನೆಗೆ ಹೋದಳು. ಮೊದಲು ವಾರಕ್ಕೊಮ್ಮೆ ಫೋನು, ಆಮೇಲೆ ಯುಗಾದಿಗೊಂದು. ಕೊನೆಗೆ ಅದೂ ನಿಂತಿತು. ಜಗಳವಿಲ್ಲ, ಮುನಿಸಿಲ್ಲ. ತಾನು ಪಾಸಾದದ್ದೇ ತಪ್ಪೇನೋ ಎಂಬ ಹಿಂಜರಿಕೆ ಶೋಭಾಳ ಬೆರಳನ್ನು ತಡೆಯುತ್ತಿತ್ತು. ಹೊಸ ಕೆಲಸದಲ್ಲಿ ಎದುರಿಗೆ ಯಾರೂ ಕೂರುವಂತಿರಲಿಲ್ಲ. ಎಲ್ಲರೂ ಗೋಡೆಗೆ ಮುಖ ಮಾಡಿ, ಒಬ್ಬೊಬ್ಬರೇ.

ಹೋದ ವರ್ಷ ಸೂಪರ್‌ವೈಸರ್ ಈರಣ್ಣ ಎಲ್ಲರನ್ನೂ ಕರೆದು, ಇನ್ನು ವಾರಕ್ಕೆ ಮೂರೇ ದಿನ ಕೆಲಸ ಎಂದ. ಆರ್ಡರ್ ಇಳಿದಿತ್ತು. ಶೋಭಾ ಎರಡು ದಿನ ಮಂಕಾಗಿ ಕೂತಳು. ಮೂರನೆಯ ದಿನ ತಾನಿದ್ದ ದಾಸರಹಳ್ಳಿಯಲ್ಲೇ ಕಂಪ್ಯೂಟರ್ ಡ್ರಾಯಿಂಗ್ ಕಲಿಸುವ ಕಡೆ ಹೆಸರು ಬರೆಸಿದಳು. ಎರಡು ತಿಂಗಳಾಗುವಷ್ಟರಲ್ಲಿ ಮನೆಯಲ್ಲೂ ಒಂದು ಕಂಪ್ಯೂಟರ್ ಬೇಕೆನಿಸಿತು. ಮೆಟ್ರೋ ಸ್ಟೇಷನ್ ಹತ್ತಿರ ಹಳೆ ಕಂಪ್ಯೂಟರ್ ಮಾರುವ ಗುರುರಾಜನ ಅಂಗಡಿಗೆ ಹೋಗಿ, ಡ್ರಾಯಿಂಗಿಗೆ ಬೇಕು ಎಂದಳು.

ಗುರುರಾಜ ಒಂದು ಕಂಪ್ಯೂಟರಿನ ಡಬ್ಬ ಬಿಚ್ಚಿ ತೋರಿಸಿದ. "ಡಿಸ್ಕ್ ಯಾವ ಥರದ್ದು ಹಾಕ್ಲಿ ಅಕ್ಕ? ಸಾಟಾದ್ದೂ ಕೂರತ್ತೆ, ಎನ್‌ವಿಎಂಇನೂ ಕೂರತ್ತೆ."

"ಏನ್ ವ್ಯತ್ಯಾಸ ಅಣ್ಣ?"

"ಸಾಟಾ ಡಿಸ್ಕು ಕೇಬಲ್‌ನಲ್ಲಿ ಬೋರ್ಡಿಗೆ ಸೇರತ್ತೆ. ಎನ್‌ವಿಎಂಇ ಅಂದ್ರೆ ಇದು, ಇದಕ್ಕೆ ಕೇಬಲ್ಲೇ ಬೇಡ." ಚೂಯಿಂಗ್ ಗಮ್ಮಿನ ಪಟ್ಟಿಯಂಥದೊಂದನ್ನು ಅವನು ಅವಳ ಅಂಗೈಯಲ್ಲಿಟ್ಟ. "ನೇರ ಬೋರ್ಡಿಗೇ ಸಿಗಿಸೋದು. ದೊಡ್ಡ ಡ್ರಾಯಿಂಗ್ ಬೇಗ ತೆಗೆಯುತ್ತೆ. ಬರೀ ಮಕ್ಕಳ ಪಾಠಕ್ಕೆ ಅಂದಿದ್ರೆ ಸಾಟಾನೇ ಸಾಕು ಅಂತಿದ್ದೆ."

ಶೋಭಾ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ತನ್ನ ಅನ್ನಕ್ಕೆ ಕಲ್ಲು ಹಾಕಿದ್ದು ಇಷ್ಟು ಚಿಕ್ಕದೇ?

"ಸಾಟಾ ಕೇಬಲ್ ಒಂದ್ಸಲ ಹಾಕಿ ತೋರಿಸ್ತೀರಾ?" ಎಂದಳು. "ಹದಿನಾರು ವರ್ಷದಿಂದ ಅದನ್ನೇ ಮಾಡ್ತಿದೀನಿ. ಎಲ್ಲಿ ಹೋಗಿ ಕೂರತ್ತೆ ಅಂತ ನೋಡಿಲ್ಲ."

ಗುರುರಾಜ ಅವಳ ಮುಖ ನೋಡಿದ. ಡ್ರಾಯರಿನಿಂದ ಒಂದು ಕೆಂಪು ಕೇಬಲ್ ತೆಗೆದು ಅವಳ ಕೈಗೇ ಕೊಟ್ಟ. "ನೀವೇ ಹಾಕಿ ಅಕ್ಕ." ಬೋರ್ಡಿನ ಮೂಲೆಯಲ್ಲಿ ನಾಲ್ಕು ಸಣ್ಣ ಬಾಯಿಗಳಿದ್ದವು. ಶೋಭಾ ಒಂದಕ್ಕೆ ಒತ್ತಿದಳು. ಟಿಕ್ ಎಂದು ಕೂತಿತು. ಇಷ್ಟೇನಾ ಎನ್ನಿಸಿತು, ಜೊತೆಗೇ ಕಣ್ಣೂ ತುಂಬಿತು. ಪಕ್ಕದಲ್ಲಿ ಇರಬೇಕಾದವಳು ಇರಲಿಲ್ಲ.

ಕೇಬಲ್ ಇರುವುದನ್ನೇ ಕೊಳ್ಳೋಣ ಎಂದು ಮನಸ್ಸು ಎಳೆಯಿತು. ಆದರೆ ತಾನು ಬಂದದ್ದು ಚಿತ್ರ ಬಿಡಿಸಲು, ಕೇಬಲ್ ಪೂಜೆಗಲ್ಲ. ಟಿಕ್ಕೆಂದು ಕೂತದ್ದನ್ನು ಬಿಡಿಸಿ ವಾಪಸು ಕೊಟ್ಟು, "ಬೇಗ ತೆಗೆಯೋದೇ ಇರ್ಲಿ," ಎಂದಳು.

ಮನೆಗೆ ಬಂದ ಕಂಪ್ಯೂಟರಿನಲ್ಲಿ ಅವಳು ಮೊದಲು ಬಿಡಿಸಲು ಕೂತದ್ದು ಆ ಹಳೆಯ ಕೈಪ್ರೆಸ್ಸನ್ನೇ. ಕಾರ್ಖಾನೆಯವರು ಅದನ್ನು ಎಂದೋ ಗುಜರಿಗೆ ಹಾಕಿದ್ದರು. ತನ್ನ ಕಡೆಯ ಮಗ್ಗುಲು ಚೆನ್ನಾಗಿ ನೆನಪಿತ್ತು. ಆಚೆಯ ಮಗ್ಗುಲು, ಹಿಡಿ ಇದ್ದ ಕಡೆ, ಎಷ್ಟು ಯೋಚಿಸಿದರೂ ಮೂಡಲೊಲ್ಲದು. ಅದು ಗೊತ್ತಿದ್ದವಳು ಒಬ್ಬಳೇ.

ಭಾನುವಾರ ಬೆಳಿಗ್ಗೆ ಧೈರ್ಯ ಮಾಡಿ ಫೋನು ಮಾಡಿದಳು.

"ಯಾರು?"

"ನಾನು ಅಕ್ಕ, ಶೋಭಾ."

"ಬದುಕಿದೀಯ?" ಎಂದಳು ಅನುಸೂಯಮ್ಮ. ಬೈಗುಳವೋ ಸಂತೋಷವೋ ಗೊತ್ತಾಗಲಿಲ್ಲ.

"ಕಂಪ್ಯೂಟರ್ ತಗೊಂಡೆ ಅಕ್ಕ. ಅದಕ್ಕೆ ಕೇಬಲ್ ಬೇಡ್ವಂತೆ. ನನ್ನ ಕೆಲ್ಸಾನೂ ಮೂರ್ ದಿನಕ್ಕೆ ಬಂತು."

"ಕೇಬಲ್ಲೇ ಬ್ಯಾಡ್ವಾ?" ಅನುಸೂಯಮ್ಮ ಜೋರಾಗಿ ನಕ್ಕಳು. "ಅಂಗಾದ್ರೆ ನಾವಿಬ್ರೂ ಒಂದೇ ಆದ್ವು ಬಿಡು. ಬ್ಯಾಡದೋಳು ನಾನೊಬ್ಳೇ ಅಂದ್ಕಂಡಿದ್ದೆ."

ಶೋಭಾಳ ಎದೆಯ ಮೇಲಿನ ಭಾರವೊಂದು ಸರಿದಂತಾಯಿತು. ಪ್ರೆಸ್ಸಿನ ಹಿಡಿಯ ಬಗ್ಗೆ ಕೇಳಿದಳು.

"ಫೋನಾಗೆ ಎಂಗೇಳ್ಲಿ? ಅದು ನನ್ ಕೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ. ಮಂಡಿ ನೋವು, ನಾನಂತೂ ಬರಾಕಾಗಲ್ಲ."

ಶೋಭಾ ಅಂದೇ ಮೆಟ್ರೋ ಹಿಡಿದು ಮಾದಾವರದಲ್ಲಿ ಇಳಿದು, ಬಸ್ ಹತ್ತಿ ನೆಲಮಂಗಲಕ್ಕೆ ಹೋದಳು. ಅನುಸೂಯಮ್ಮನ ತಲೆ ಪೂರ್ತಿ ಬೆಳ್ಳಗಾಗಿತ್ತು, ಕಣ್ಣಿಗೆ ದಪ್ಪ ಕನ್ನಡಕ. ಇಬ್ಬರೂ ಜಗಲಿಯ ಮೇಲೆ ಎದುರುಬದುರು ಕೂತರು. ಅನುಸೂಯಮ್ಮ ಕಣ್ಣು ಮುಚ್ಚಿ, ಗಾಳಿಯಲ್ಲಿ ಹಿಡಿ ಹಿಡಿದು ಒತ್ತಿದಳು. ಮೊಣಕೈ ಎಷ್ಟು ಇಳಿಯಿತು, ಮಣಿಕಟ್ಟು ಎತ್ತ ತಿರುಗಿತು ಎಂದು ನೋಡಿ ನೋಡಿ ಶೋಭಾ ಕಾಗದದ ಮೇಲೆ ಗೆರೆ ಎಳೆದಳು. ಸಂಜೆಯ ಹೊತ್ತಿಗೆ ಹಿಡಿ ಮೂಡಿತು, ಅದರ ಕೆಳಗಿನ ತಿರುಗಣಿಯೂ ಮೂಡಿತು.

"ಸ್ಪ್ರಿಂಗು ಎಲ್ಲಿತ್ತು ಅಕ್ಕ?"

"ಅದುನ್ನ ಬರೋ ವಾರ ಬಂದಾಗ ಏಳ್ತೀನಿ," ಎಂದು ಅನುಸೂಯಮ್ಮ ಕಾಫಿಗಿಡಲು ಒಳಗೆ ಹೋದಳು. ಬಸ್ಸಿಗೆ ಇನ್ನೂ ಹೊತ್ತಿತ್ತು. ಆದರೂ ಈಗಲೇ ಹೇಳೆಂದು ಶೋಭಾ ಬಲವಂತ ಮಾಡಲಿಲ್ಲ.