ಸುತ್ತಿಗೆಗೆ ಸುತ್ತಿದ ಚರ್ಮ

ರಾಜಾಜಿನಗರದಲ್ಲಿ ಹಾರ್ಮೋನಿಯಂ ರಿಪೇರಿ ಮಾಡಿಕೊಂಡು ಸುಮ್ಮನಿದ್ದ ನನಗೆ ಪಿಯಾನೋ ಹುಚ್ಚು ಹಿಡಿಸಿದವರು ಬಸವೇಶ್ವರನಗರದ ಒಬ್ಬ ನಿವೃತ್ತ ಟೀಚರ್. ಅವರ ತಾಯಿ ಬಾರಿಸುತ್ತಿದ್ದ, ಊಟದ ಮೇಜಿನಂತಿದ್ದ ಹಳೇ ಪಿಯಾನೋ ರಿಪೇರಿಗೆಂದು ನನ್ನ ಕೈಗೆ ಬಂತು. ಒಳಗೆ ತಂತಿಗೆ ಬಡಿಯುವ ಪುಟ್ಟ ಸುತ್ತಿಗೆಗಳಿಗೆ ಚರ್ಮ ಸುತ್ತಿತ್ತು. ನಮ್ಮ ಕಸುಬಿನಲ್ಲಿ ತೂತಾದ ತಿದಿಗೆ ಚರ್ಮದ ತೇಪೆ ಹಾಕುತ್ತೇವೆ. ಯಾವನೋ ಹಾರ್ಮೋನಿಯಂನವನದೇ ಈ ಕಿತಾಪತಿ ಎಂದುಕೊಂಡು ಅಷ್ಟನ್ನೂ ಕಿತ್ತು ಕಸಕ್ಕೆಸೆದು, ಈಗಿನ ಪಿಯಾನೋಗಳಿಗೆ ಹಾಕುವ ದಪ್ಪ ಉಣ್ಣೆಯ ಫೆಲ್ಟ್ ಅಂಟಿಸಿದೆ.

"ಸ್ವರ ಸರಿಯಾಗಿದೆ. ಆದ್ರೆ ಅಮ್ಮನ ಪಿಯಾನೋ ಥರ ಕೇಳಲ್ಲ ಕಣಪ್ಪ," ಅಂದರು ಟೀಚರ್. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮನಸ್ಸಿನಲ್ಲೇ ನಕ್ಕೆ.

ಆಮೇಲೆ ನನ್ನನ್ನು ಹಿಡಿಯುವವರೇ ಇರಲಿಲ್ಲ. ಎಲ್ಲಿ ಹಳೇ ಪಿಯಾನೋ ಸಂಗ್ರಹವಿದೆ ಎಂದು ಕೇಳಿದರೂ ಟಾರ್ಚು, ಸ್ಕೇಲು, ಚಿತ್ರಾನ್ನದ ಡಬ್ಬಿ ಹಿಡಿದು ಹೊರಟೆ. ಚೆನ್ನೈನಲ್ಲಿ ಅಂಥದೊಂದು ಸಂಗ್ರಹದ ಬಾಗಿಲಲ್ಲಿ ಕಾವಲುಗಾರ, "ಯಾವ ಯೂನಿವರ್ಸಿಟಿ ಸಾರ್?" ಎಂದು ಇಂಗ್ಲಿಷಿನಲ್ಲಿ ಕೇಳಿದ. "ರಾಜಾಜಿನಗರ," ಅಂದೆ. ಸೆಲ್ಯೂಟ್ ಹೊಡೆದು ಒಳಗೆ ಬಿಟ್ಟ.

ಮೈಸೂರಿನ ಒಂದು ಬಂಗಲೆಯಲ್ಲಿ ಟೀಚರ್ ಮನೆಯದರ ಅಣ್ಣನಂಥ ಪಿಯಾನೋ ಸಿಕ್ಕಿತು. ಮುಚ್ಚಳ ಎತ್ತಿದೆ. ಸಾಲಾಗಿ, ಒಂದೊಂದು ಸುತ್ತಿಗೆಗೂ ಅದೇ ಚರ್ಮ.

"ಇದನ್ನ ಯಾರು ರಿಪೇರಿ ಮಾಡಿದ್ದು?"

"ಯಾರೂ ಮುಟ್ಟಿಲ್ಲ ಸಾರ್," ಅಂದರು ಬಂಗಲೆ ನೋಡಿಕೊಳ್ಳುವವರು. "ಆ ಕಾಲದಲ್ಲಿ ಹಾಕ್ತಿದ್ದದ್ದೇ ಚರ್ಮ."

ಅಂದರೆ ಟೀಚರ್ ಪಿಯಾನೋದಿಂದ ನಾನು ಕಿತ್ತೆಸೆದದ್ದು ಮೂಲ ಚರ್ಮವನ್ನೇ. ಚಿತ್ರಾನ್ನ ಡಬ್ಬಿಯಲ್ಲೇ ಉಳಿಯಿತು. ಕೆಂಗೇರಿಯಲ್ಲಿ ರೈಲಿಳಿದವನು ಅಂಗಡಿಗೆ ಹೋಗಲಿಲ್ಲ, ನೇರವಾಗಿ ಟೀಚರ್ ಮನೆಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ.

ಅವರು ಬಯ್ಯಲಿಲ್ಲ, ಕುರ್ಚಿ ಎಳೆದು ಕೂತರು.

"ಅವತ್ತಿಂದ ಮುಚ್ಚಳಾನೇ ತೆಗೆದಿಲ್ಲ ಕಣಪ್ಪ. ಅಮ್ಮ ಬಾರಿಸ್ತಿದ್ದದ್ದು ಹೇಗೆ ಕೇಳ್ತಿತ್ತು ಅನ್ನೋದೇ ನಂಗೆ ಮರೆತುಹೋಯ್ತು ಅಂದ್ಕೊಂಡಿದ್ದೆ."

ಬಯ್ದಿದ್ದರೇ ಚೆನ್ನಾಗಿತ್ತು. ಮರುವಾರ ತೆಳ್ಳನೆ ಚರ್ಮ ಹುಡುಕಿ ತಂದು, ಮೊದಲು ಒಂದೇ ಸುತ್ತಿಗೆಗೆ ಸುತ್ತಿದೆ. ಟೀಚರ್ ಕಣ್ಣು ಮುಚ್ಚಿ ಆ ಸುತ್ತಿಗೆಯ ಕೀಯನ್ನು ಒತ್ತಿದರು. ಮತ್ತೆ ಒತ್ತಿದರು.

"ಊಹೂಂ, ಇದೂ ಅಲ್ಲ," ಅಂದರು. "ಅಮ್ಮಂದು ಇನ್ನೂ ಸ್ವಲ್ಪ ಮೆತ್ತಗಿತ್ತು."

ಅಷ್ಟು ಖುಷಿಯಿಂದ ನನ್ನ ಕೆಲಸವನ್ನು ಯಾರೂ ತೆಗಳಿರಲಿಲ್ಲ.